ನೆಲದೊಳಗಿನ ಬಿಸಿನೀರು

ದಿವಾ, ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ವಾಸಿಸುವ ನಮಗೆ ನೆಲವನ್ನು ಬೆಚ್ಚಗೆ ಮಾಡುವ ವಿದ್ಯೆಯ ಮಾತು ಮೊದಲ ಕೇಳಿಕೆಗೆ ನಗೆಯನ್ನೇ ತರಿಸೀತು. ಇಲ್ಲಿಯ ಜನವರಿಯ ರಾತ್ರಿಗೆ ಒಂದು ಹೊದಿಕೆ ಸಾಕು. ಮೇ ತಿಂಗಳ ಮಧ್ಯಾಹ್ನದಲ್ಲಾದರೋ ತಗಡಿನ ಮಾಡಿನ ಕೆಳಗೆ ಕುಳಿತು ಪಾಠ ಓದುವುದೇ ಒಂದು ತಪಸ್ಸು. ಹೀಗಿರುವಾಗ, ಹಿಮ ಬೀಳುವ ದೇಶಗಳ ಕಾರ್ಯಾಗಾರಗಳಲ್ಲಿ ನೆಲದೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಬಿಸಿನೀರನ್ನು ಹದವರಿತು ಹರಿಸುವ ಕ್ರಮವನ್ನು ನಾವು ಏಕೆ ತಿಳಿಯಬೇಕು?

ಇದಕ್ಕೆ ಎರಡು ಕಾರಣಗಳುಂಟು. ಇಂದು ಅನೇಕ ಕನ್ನಡ ಕುಟುಂಬಗಳು ಕೆನಡಾ, ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿವೆ. ನಮ್ಮ ಶಾಲೆಗಳಿಂದ ಹೊರಬೀಳುವ ಕೆಲವರಾದರೂ ಮುಂದೆ ಅಂಥ ನೆಲದ ಮೇಲೆ ನಿಂತು ಕೆಲಸ ಮಾಡಿಯಾರು. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಮುಖ್ಯವಾದುದು: ಆ ಬೆಚ್ಚನೆಯ ನೆಲವನ್ನು ಆಳುವ ನಿಯಮವೇ ನಮ್ಮ ತಲೆಯ ಮೇಲಿನ ತಗಡನ್ನೂ ಆಳುತ್ತದೆ. ಅದನ್ನು ಅರಿತರೆ ಇದೂ ತಿಳಿಯುತ್ತದೆ.

ಮೈಗೆ ಬಿಸಿ ಬರುವ ದಾರಿಗಳು

ಉಷ್ಣವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದಕ್ಕೆ ಮೂರು ದಾರಿಗಳಿವೆಯೆಂದು ನಾವು ಪಾಠಪುಸ್ತಕದಲ್ಲಿ ಓದಿದ್ದೇವೆ: ವಹನ, ಸಂವಹನ ಮತ್ತು ವಿಕಿರಣ. ಊರಿನ ಹಳೆಯ ಮನೆಯ ಬಚ್ಚಲಿನಲ್ಲಿ ಈ ಮೂರನ್ನೂ ಒಟ್ಟಿಗೆ ಕಾಣಬಹುದು. ಹಂಡೆಯ ಅಂಚನ್ನು ಮುಟ್ಟಿದರೆ ಕೈ ಚುರ್ರೆನ್ನುತ್ತದೆ; ಇದು ವಹನ. ಹಂಡೆಯ ತಳದಲ್ಲಿ ಕಾದ ನೀರು ಹಗುರವಾಗಿ ಮೇಲೇರಿ ತಣ್ಣೀರು ಕೆಳಗಿಳಿಯುತ್ತದೆ, ಇದು ಸಂವಹನ. ಒಲೆಯ ಬಾಯಿಗೆ ಎದುರಾಗಿ ಕುಳಿತವನ ಮುಖ ಬೆಚ್ಚಗಾಗುತ್ತದೆ, ಬೆನ್ನು ಮಾತ್ರ ತಣ್ಣಗೇ ಇರುತ್ತದೆ, ಇದು ವಿಕಿರಣ. ವಿಕಿರಣಕ್ಕೆ ನಡುವಣ ಗಾಳಿಯ ಹಂಗಿಲ್ಲ. ಬೆಳಕಿನಂತೆ ಅದು ನೇರವಾಗಿ ಬಂದು ಮೈಯನ್ನು ಮುಟ್ಟುತ್ತದೆ. ಸೂರ್ಯನ ಬಿಸಿಲು ನಮಗೆ ತಲುಪುವುದೂ ಹೀಗೆಯೇ.

ಬೆಂಕಿ ಮತ್ತು ಸೂರ್ಯ ಮಾತ್ರವೇ ವಿಕಿರಣವನ್ನು ಹೊಮ್ಮಿಸುತ್ತವೆಂದು ತಿಳಿಯಬಾರದು. ಗೋಡೆ, ನೆಲ, ಮಾಡು, ಮೇಜು, ನಮ್ಮ ಮೈ, ಎಲ್ಲವೂ ಸದಾಕಾಲ ಉಷ್ಣವನ್ನು ಬೀರುತ್ತಲೂ ಹೀರುತ್ತಲೂ ಇರುತ್ತವೆ. ಬಿಸಿಯಾದ ವಸ್ತು ಹೆಚ್ಚು ಬೀರುತ್ತದೆ, ತಣ್ಣನೆಯದು ಕಡಮೆ ಬೀರುತ್ತದೆ. ಎಷ್ಟು ಹೆಚ್ಚು ಎಂಬ ಲೆಕ್ಕವನ್ನು ಆಸ್ಟ್ರಿಯದ ಯೋಸೆಫ್ ಸ್ಟೆಫಾನ್ 1879ರಲ್ಲಿ ಪ್ರಯೋಗದ ಅಂಕಿಗಳಿಂದ ಕಂಡುಕೊಂಡನು. ಅವನ ಶಿಷ್ಯ ಲುಡ್ವಿಗ್ ಬೋಲ್ಟ್ಸ್‌ಮನ್ 1884ರಲ್ಲಿ ಅದನ್ನು ಸಿದ್ಧಾಂತದಿಂದ ಸಾಧಿಸಿ ತೋರಿಸಿದನು. ಗಾಳಿ ಅಲುಗದ ಕೋಣೆಯಲ್ಲಿ ನಮಗೆ ತೋರುವ ಸೆಕೆ ಅಥವಾ ಚಳಿ, ಗಾಳಿಯ ಉಷ್ಣತೆ ಮತ್ತು ಸುತ್ತಲಿನ ಮೇಲ್ಮೈಗಳ ಉಷ್ಣತೆ ಇವೆರಡರ ಸರಾಸರಿಗೆ ಹತ್ತಿರವಾಗಿರುತ್ತದೆ. ಆದುದರಿಂದ ಗೋಡೆಗೆ ತೂಗುಹಾಕಿದ ಉಷ್ಣಮಾಪಕವು ಹೇಳುವುದು ಅರ್ಧ ಮಾತು. ಉಳಿದರ್ಧವನ್ನು ನೆಲ, ಗೋಡೆ, ಮಾಡುಗಳೇ ಹೇಳಬೇಕು.

ಹಳೆಯ ಕಾಲದ ಬೆಚ್ಚನೆಯ ನೆಲಗಳು

ಈ ಗುಟ್ಟು ಪ್ರಾಚೀನರಿಗೆ ಗೊತ್ತಿತ್ತು. ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಅದರಡಿಯಲ್ಲಿ ಬೆಂಕಿಯ ಬಿಸಿ ಹೊಗೆಯನ್ನು ಹಾಯಿಸುತ್ತಿದ್ದರು. ಕೊರಿಯ ದೇಶದವರು ಅಡುಗೆಯ ಒಲೆಯ ಹೊಗೆಯನ್ನೇ ಕಲ್ಲುಹಾಸಿನ ಕೆಳಗೆ ಹರಿಸಿ, ಆ ಬೆಚ್ಚನೆಯ ನೆಲದ ಮೇಲೆಯೇ ಉಂಡು, ಕುಳಿತು, ಮಲಗುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ಒಂದೋಲ್'. ನಮ್ಮ ದೇಶದ ಕಾಶ್ಮೀರದಲ್ಲಿ ಮಸೀದಿಗಳಿಗೂ ಕೆಲವು ಮನೆಗಳಿಗೂ 'ಹಮಾಮ್' ಎಂಬ ಕೋಣೆ ಇರುತ್ತದೆ. ಅದರ ಕಲ್ಲುನೆಲದ ಅಡಿಯಲ್ಲಿ ಸೌದೆ ಉರಿಯುತ್ತದೆ. ಅದೇ ಉರಿಗೆ ತಾಮ್ರದ ಪಾತ್ರೆಯ ನೀರೂ ಕಾಯುತ್ತದೆ. ಚಳಿಗಾಲದಲ್ಲಿ ಜನರು ಬಂದು ಆ ಕಲ್ಲಿನ ಮೇಲೆ ಕುಳಿತು ಮೈ ಕಾಯಿಸಿಕೊಳ್ಳುತ್ತಾರೆ.

ಹೊಗೆಗೆ ಬದಲಾಗಿ ಕೊಳವೆಯಲ್ಲಿ ಬಿಸಿನೀರನ್ನು ಹರಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಹರಡಿತು. ಅಮೆರಿಕದ ಪ್ರಸಿದ್ಧ ಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1937ರಲ್ಲಿ ಮ್ಯಾಡಿಸನ್ ಪಟ್ಟಣದಲ್ಲಿ ಕಟ್ಟಿಸಿದ ಜೇಕಬ್ಸ್ ದಂಪತಿಗಳ ಮನೆಯಲ್ಲಿ ಕಾಂಕ್ರೀಟು ನೆಲದ ಅಡಿಯಲ್ಲಿ ಕೊಳವೆಗಳನ್ನು ಇಡಿಸಿದನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಿಂದ ನ್ಯೂಯಾರ್ಕಿನ ಬಳಿ ಎದ್ದ ಲೆವಿಟ್‌ಟೌನ್ ಬಡಾವಣೆಯ ಸಾವಿರಾರು ಮನೆಗಳಲ್ಲಿ ನೆಲದ ಕಾಂಕ್ರೀಟಿನೊಳಗೆ ತಾಮ್ರದ ಕೊಳವೆಗಳನ್ನು ಹುದುಗಿಸಿದರು. ವರ್ಷಗಳು ಕಳೆದಂತೆ ಅವುಗಳಲ್ಲಿ ಅನೇಕವು ಸವೆದು ಸೋರತೊಡಗಿದವು. 1970ರ ದಶಕದಿಂದ ಯೂರೋಪಿನಲ್ಲಿ ತುಕ್ಕು ಹಿಡಿಯದ, ಬಾಗಿಸಿದರೆ ಬಾಗುವ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ ಕೊಳವೆ ಬಳಕೆಗೆ ಬಂದಿತು. ಇಂದು ಬಹುತೇಕ ನೆಲಗಳಲ್ಲಿರುವುದು ಅದೇ.

ಕಾರ್ಯಾಗಾರಕ್ಕೆ ಈ ನೆಲವೇಕೆ?

ಮೋಟಾರು ದುರಸ್ತಿಯ ಗ್ಯಾರೇಜನ್ನೋ ಮರಗೆಲಸದ ಶಾಲೆಯನ್ನೋ ಮನಸ್ಸಿಗೆ ತಂದುಕೊಳ್ಳೋಣ. ಅದರ ಮಾಡು ಎತ್ತರ, ಬಾಗಿಲು ಅಗಲ. ಅಂಥಲ್ಲಿ ಗಾಳಿಯನ್ನು ಕಾಯಿಸಿದರೆ ಬಿಸಿ ಗಾಳಿ ಮೇಲೇರಿ ಮಾಡಿನ ಕೆಳಗೆ ಕೂಡುತ್ತದೆ; ದುಡಿಯುವವನ ಕಾಲಿಗೆ ಚಳಿಯೇ ಗತಿ. ಒಂದು ಲಾರಿ ಒಳಗೆ ಬರಲೆಂದು ಬಾಗಿಲು ತೆರೆದರಂತೂ ಕಾಯಿಸಿದ ಗಾಳಿಯೆಲ್ಲ ಬೀದಿಯ ಪಾಲಾಗುತ್ತದೆ. ಉಷ್ಣವು ನೆಲದಲ್ಲಿ ಕೂಡಿಟ್ಟಿದ್ದರೆ ಹೀಗಾಗದು. ಬಾಗಿಲು ತೆರೆದಾಗ ಗಾಳಿ ಹೊರಟುಹೋದರೂ ನೆಲ ಹೋಗುವುದಿಲ್ಲ. ಬಾಗಿಲು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಕೋಣೆ ಮತ್ತೆ ಹಿತವಾಗುತ್ತದೆ. ಗಾಡಿಗಳಿಂದ ಉದುರಿದ ಹಿಮ ಕರಗಿ ನೆಲ ಬೇಗ ಒಣಗುತ್ತದೆ. ಕೆಲಸಗಾರನು ಗಾಡಿಯ ಅಡಿಯಲ್ಲಿ ಬೆನ್ನುಹಚ್ಚಿ ಮಲಗಿ ದುಡಿಯಬೇಕಾದಾಗ, ತಣ್ಣನೆಯ ಕಾಂಕ್ರೀಟು ಮೈಯ ಕಾವನ್ನು ಹೀರುವುದಕ್ಕೂ ಬೆಚ್ಚನೆಯ ಕಾಂಕ್ರೀಟು ಆಸರೆ ಕೊಡುವುದಕ್ಕೂ ಇರುವ ಅಂತರವನ್ನು ಹೇಳಬೇಕಾದುದಿಲ್ಲ.

ಇಂಥ ನೆಲದ ರಚನೆ ಸರಳವಾದುದು. ಎಲ್ಲಕ್ಕೂ ಕೆಳಗೆ ಗಟ್ಟಿಮಾಡಿದ ಮಣ್ಣು. ಅದರ ಮೇಲೆ ಉಷ್ಣವು ಭೂಮಿಗೆ ಇಳಿಯದಂತೆ ತಡೆಯುವ ಹಲಗೆ. ಅದರ ಮೇಲೆ ಸುರುಳಿಸುರುಳಿಯಾಗಿ ಹಾಸಿದ ಕೊಳವೆ. ಕೊಳವೆಯನ್ನು ಮುಚ್ಚಿ ಕಾಂಕ್ರೀಟು. ಗೋಡೆಯ ಪಕ್ಕದಲ್ಲಿ ಒಂದು ಪೆಟ್ಟಿಗೆ. ಬಾಯ್ಲರಿನಿಂದ ಬಂದ ಬಿಸಿನೀರು ಅಲ್ಲಿ ಹಂಚಿಹೋಗಿ ಪ್ರತಿಯೊಂದು ಸುರುಳಿಗೂ ಸಾಗುತ್ತದೆ, ಸುತ್ತಿಬಂದು ಅಲ್ಲಿಯೇ ಕೂಡಿಕೊಂಡು ಹಿಂದಿರುಗುತ್ತದೆ. ಒಂದೊಂದು ಸುರುಳಿಯ ತಲೆಯಲ್ಲಿಯೂ ಒಂದು ವಾಲ್ವು ಮತ್ತು ಹರಿವನ್ನು ತೋರಿಸುವ ಒಂದು ಗಾಜಿನ ಮಾಪಕ. ಇವಲ್ಲದೆ ಒಂದು ಪಂಪು. ಯಂತ್ರವೆಂದು ಕರೆಯಬಹುದಾದುದು ಇಷ್ಟೇ. ಆದರೆ ವೀಣೆಯ ತಂತಿಗಳನ್ನು ಕಟ್ಟಿದ ಮಾತ್ರಕ್ಕೆ ನಾದ ಹೊರಡದು, ಶ್ರುತಿ ಮಾಡಬೇಕು. ಹಾಗೆಯೇ ಈ ನೆಲವನ್ನೂ ಹದಗೊಳಿಸಬೇಕು.

ಒಂದು ಲೆಕ್ಕ

ಹದಗೊಳಿಸುವ ಮುನ್ನ ಲೆಕ್ಕವೊಂದನ್ನು ಮಾಡೋಣ. 15 ಮೀಟರು ಉದ್ದ, 10 ಮೀಟರು ಅಗಲದ ಒಂದು ಕಾರ್ಯಾಗಾರವಿದೆಯೆಂದು ಊಹಿಸಿಕೊಳ್ಳೋಣ. ನೆಲ 150 ಚದರ ಮೀಟರು. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ. ಮೈಮುರಿದು ದುಡಿಯುವವರಿಗೆ ಒಳಗೆ 16 ಡಿಗ್ರಿ ಸೆಂಟಿಗ್ರೇಡ್ ಸಾಕು. ಗೋಡೆ, ಮಾಡು, ಬಾಗಿಲುಗಳ ಮೂಲಕ ನಷ್ಟವಾಗುವ ಉಷ್ಣವನ್ನು ತುಂಬಲು ಒಂದು ಚದರ ಮೀಟರು ನೆಲ 50 ವಾಟ್ ಕೊಡಬೇಕಾಗಿದೆಯೆಂದು ಇಟ್ಟುಕೊಂಡರೆ, ಒಟ್ಟು ಬೇಕಾದುದು 7,500 ವಾಟ್.

ನೆಲದ ಮೇಲ್ಮೈ ಕೋಣೆಗಿಂತ ಒಂದು ಡಿಗ್ರಿ ಬೆಚ್ಚಗಿದ್ದರೆ ಚದರ ಮೀಟರಿಗೆ ಸುಮಾರು 10 ವಾಟ್ ಹೊರಬೀಳುತ್ತದೆ. 50 ವಾಟ್ ಬೇಕಾದರೆ ನೆಲವು 5 ಡಿಗ್ರಿ ಹೆಚ್ಚು, ಎಂದರೆ 21 ಡಿಗ್ರಿ ಇದ್ದರಾಯಿತು. ಇದಕ್ಕಾಗಿ ಕೊಳವೆಯ ನೀರು ಸರಾಸರಿಯಲ್ಲಿ 26 ಡಿಗ್ರಿಯಷ್ಟು ಇರಬೇಕಾದೀತು. ಓದುಗರು ಈ ಅಂಕಿಯನ್ನು ಗಮನಿಸಬೇಕು. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಒಂದು ಕಾರ್ಯಾಗಾರವನ್ನು ಬೆಚ್ಚಗಿಡುವ ನೀರು ನಮ್ಮ ಮೈಗಿಂತ ಹನ್ನೊಂದು ಡಿಗ್ರಿ ತಣ್ಣಗಿದೆ! ದಿವಾದ ಮನೆಗಳ ಮಾಳಿಗೆಯ ಟ್ಯಾಂಕಿನ ನೀರು ಮೇ ತಿಂಗಳಲ್ಲಿ ಅದಕ್ಕಿಂತ ಬಿಸಿಯಾಗಿರುತ್ತದೆ. ಕಾಯಿಸುವ ಮೇಲ್ಮೈ ಚಿಕ್ಕದಾದರೆ ಅದು ಸುಡುವಷ್ಟು ಬಿಸಿಯಿರಬೇಕು; ನೆಲದಷ್ಟು ದೊಡ್ಡದಾದರೆ ಉಗುರುಬೆಚ್ಚಗಿದ್ದರೂ ಸಾಕು.

ಇನ್ನು ನೀರಿನ ಪ್ರಮಾಣ. ನೀರು ಸುರುಳಿಗೆ ಹೊಗುವಾಗ ಇರುವುದಕ್ಕಿಂತ ಹೊರಬರುವಾಗ 5 ಡಿಗ್ರಿ ತಣ್ಣಗಾಗುವುದಾದರೆ, 7,500 ವಾಟ್ ಸಾಗಿಸಲು ನಿಮಿಷಕ್ಕೆ ಸುಮಾರು 21 ಲೀಟರ್ ಹರಿಯಬೇಕು. ಕೊಳವೆಗಳ ನಡುವೆ 20 ಸೆಂಟಿಮೀಟರು ಬಿಟ್ಟು ಹಾಸಿದರೆ ಒಟ್ಟು ಉದ್ದ 750 ಮೀಟರು. ಅದನ್ನು ಎಂಟು ಸುರುಳಿಗಳಾಗಿ ಮಾಡಿದರೆ ಒಂದೊಂದಕ್ಕೆ ಸುಮಾರು 94 ಮೀಟರು ಬರುತ್ತದೆ. ಪ್ರತಿ ಸುರುಳಿಗೂ ನಿಮಿಷಕ್ಕೆ ಎರಡೂವರೆ ಲೀಟರಿಗೆ ತುಸು ಹೆಚ್ಚು ನೀರು ಸಲ್ಲಬೇಕು.

ಕಡೆಯದಾಗಿ ಕಾಲದ ಲೆಕ್ಕ. ಕಾಂಕ್ರೀಟು 10 ಸೆಂಟಿಮೀಟರು ದಪ್ಪವಿದ್ದರೆ ಅದರ ತೂಕ 36,000 ಕಿಲೋಗ್ರಾಂ. ಉಷ್ಣವನ್ನು ಹಿಡಿದಿಡುವುದರಲ್ಲಿ ಅದು ಏಳೂವರೆ ಸಾವಿರ ಲೀಟರ್ ನೀರಿಗೆ ಸಮ. ಎಂದರೆ 40 ಲೀಟರಿನ ಸುಮಾರು 190 ಹಂಡೆಗಳನ್ನು ಸಾಲಾಗಿಟ್ಟಂತೆ! 7,500 ವಾಟ್ ಪೂರ್ತಿಯಾಗಿ ಅದಕ್ಕೇ ಸಂದರೂ ಒಂದು ಡಿಗ್ರಿ ಏರಲು 70 ನಿಮಿಷ ಹಿಡಿಯುತ್ತದೆ. ಐದು ಡಿಗ್ರಿ ಏರಲು ಆರು ಗಂಟೆ. ಆ ವೇಳೆಯಲ್ಲಿ ಹೊರಗೆ ಸೋರುವ ಉಷ್ಣವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಈ ನೆಲವನ್ನು ಹದಗೊಳಿಸುವವನಿಗೆ ತಾಳ್ಮೆಯೇ ಮೊದಲ ಉಪಕರಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹದಗೊಳಿಸುವ ಕ್ರಮ

ಮೊದಲ ಕೆಲಸ ಕಾಯುವುದು. ಹೊಸ ಸಿಮೆಂಟಿನ ಹಾಸನ್ನು ಅವಸರದಿಂದ ಕಾಯಿಸಿದರೆ ಬಿರುಕುಬಿಡುತ್ತದೆ. ಯೂರೋಪಿನ ನಿಯಮದಂತೆ ಕನಿಷ್ಠ 21 ದಿನ ಅದನ್ನು ಗಟ್ಟಿಯಾಗಲು ಬಿಡಬೇಕು. ಬಳಿಕ ಮೂರು ದಿನ 20ರಿಂದ 25 ಡಿಗ್ರಿಯ ನೀರನ್ನು ಹರಿಸಿ, ಆಮೇಲೆಯೇ ಪೂರ್ಣ ಬಿಸಿಗೆ ಏರಿಸಿ ನಾಲ್ಕು ದಿನ ಇರಿಸಬೇಕು.

ಎರಡನೆಯದು, ಕೊಳವೆಯೊಳಗಿನ ಗಾಳಿಯನ್ನು ಹೊರಡಿಸುವುದು. ನೀರಿನ ದಾರಿಯಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಪಂಪು ಎಷ್ಟು ತಿರುಗಿದರೂ ಆ ಸುರುಳಿಯಲ್ಲಿ ನೀರು ಮುಂದೆ ಹೋಗದು. ಆದುದರಿಂದ ಏಳು ಸುರುಳಿಗಳನ್ನು ಮುಚ್ಚಿ ಒಂದನ್ನೇ ತೆರೆದು, ಗುಳ್ಳೆಗಳು ನಿಲ್ಲುವವರೆಗೆ ರಭಸದಿಂದ ನೀರನ್ನು ಹಾಯಿಸಬೇಕು. ಆಮೇಲೆ ಎರಡನೆಯದು, ಮೂರನೆಯದು, ಹೀಗೆ. ನೆಲದ ಒಂದು ಭಾಗ ಮಾತ್ರ ತಣ್ಣಗೇ ಉಳಿದಿದ್ದರೆ ಮೊದಲು ಸಂಶಯ ಪಡಬೇಕಾದುದು ಈ ಗಾಳಿಯನ್ನೇ.

ಮೂರನೆಯದು, ನೀರನ್ನು ನ್ಯಾಯವಾಗಿ ಹಂಚುವುದು. ಇದನ್ನು ದಿವಾದ ವಿದ್ಯಾರ್ಥಿಗಳಿಗೆ ವಿವರಿಸಬೇಕಾದುದೇ ಇಲ್ಲ. ಚಾಳಿನಲ್ಲಿ ನೀರು ಬಿಡುವ ಹೊತ್ತಿಗೆ ಕೊಳವೆಯ ಬುಡದಲ್ಲಿರುವ ಮನೆಯ ಹಂಡೆ ಬೇಗ ತುಂಬುತ್ತದೆ; ಕೊನೆಯ ಮನೆಯ ನಲ್ಲಿಯಲ್ಲಿ ನೂಲಿನಂತೆ ಸುರಿಯುತ್ತದೆ. ನಮ್ಮ ಹಿರಿಯರ ಊರುಗಳಲ್ಲಿ ಕಾಲುವೆಯ ತಲೆಯಲ್ಲಿರುವ ಹೊಲಕ್ಕೂ ಕೊನೆಯ ಹೊಲಕ್ಕೂ ಇದೇ ವ್ಯಾಜ್ಯ. ನೀರು ಯಾವಾಗಲೂ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಎಂಟು ಸುರುಳಿಗಳಲ್ಲಿ ಒಂದು 70 ಮೀಟರು, ಇನ್ನೊಂದು 110 ಮೀಟರು ಇದ್ದರೆ, ಗಿಡ್ಡ ಸುರುಳಿ ಹೆಚ್ಚು ನೀರನ್ನು ಕಬಳಿಸುತ್ತದೆ. ಆಗ ಉದ್ದನೆಯದರ ವಾಲ್ವನ್ನು ಪೂರ್ತಿ ತೆರೆದಿಟ್ಟು, ಗಿಡ್ಡದ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬರಬೇಕು. ಪಂಪಿನ ವೇಗವನ್ನು ಹೆಚ್ಚಿಸಿದರೆ ಈ ಅನ್ಯಾಯ ಸರಿಹೋಗದು, ವಿದ್ಯುತ್ತಿನ ವೆಚ್ಚ ಮಾತ್ರ ಏರುತ್ತದೆ. ಹಿಂದಿರುಗುವ ನೀರಿನ ಉಷ್ಣತೆ ಎಲ್ಲ ಸುರುಳಿಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆದಾಗ ಹಂಚಿಕೆ ಸರಿಯಾಯಿತೆಂದು ತಿಳಿಯಬೇಕು. ಹೋಗುವ ನೀರಿಗೂ ಬರುವ ನೀರಿಗೂ ಒಂದೆರಡೇ ಡಿಗ್ರಿ ಅಂತರವಿದ್ದರೆ ನೀರು ಬೇಡದ ವೇಗದಲ್ಲಿ ಓಡುತ್ತಿದೆ. ಹತ್ತು ಡಿಗ್ರಿಗೂ ಮೀರಿದ್ದರೆ ತೆವಳುತ್ತಿದೆ.

ನಾಲ್ಕನೆಯದು, ನೀರಿನ ಬಿಸಿಯನ್ನು ಗೊತ್ತುಮಾಡುವುದು. ಬಾಯ್ಲರಿನ ನೀರು 60 ಅಥವಾ 70 ಡಿಗ್ರಿ ಇರಬಹುದು. ನೆಲಕ್ಕೆ ಬೇಕಾದುದು ಅದರ ಅರ್ಧಕ್ಕೂ ಕಡಮೆ. ಸ್ನಾನಕ್ಕೆ ಹಂಡೆಯ ಕುದಿನೀರಿಗೆ ತಣ್ಣೀರನ್ನು ಬೆರಸಿ ಹದಮಾಡುವಂತೆ, ಇಲ್ಲಿಯೂ ಒಂದು ವಾಲ್ವು ಬಾಯ್ಲರಿನ ಬಿಸಿನೀರಿಗೆ ನೆಲದಿಂದ ಹಿಂದಿರುಗಿದ ನೀರನ್ನೇ ಬೆರಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಹೊರಗಿನ ಚಳಿ ಕಡಮೆಯಾದಂತೆ ಈ ಬಿಸಿಯನ್ನೂ ತಗ್ಗಿಸಬೇಕು. ನಮ್ಮ ಲೆಕ್ಕದ ಕಾರ್ಯಾಗಾರದಲ್ಲಿ ಹೊರಗೆ ಸೊನ್ನೆಗಿಂತ 10 ಕೆಳಗೆ ಇರುವಾಗ 26 ಡಿಗ್ರಿಯ ನೀರು ಬೇಕಾದರೆ, ಹೊರಗೆ 3 ಡಿಗ್ರಿ ಇರುವಾಗ ನಷ್ಟ ಅರ್ಧಕ್ಕಿಳಿಯುವುದರಿಂದ 21 ಡಿಗ್ರಿ ಸಾಕು.

ಕೋಣೆಯನ್ನು ಬೆಚ್ಚಗಿಡಲು ಸಾಕಾಗುವ ಅತ್ಯಂತ ಕಡಮೆ ಬಿಸಿಯೇ ಸರಿಯಾದ ಬಿಸಿ. ಇದರಲ್ಲಿ ಉರುವಲಿನ ಉಳಿತಾಯವಿದೆ. ಹೊಸ ಬಗೆಯ ಬಾಯ್ಲರುಗಳೂ ಉಷ್ಣಪಂಪುಗಳೂ ತಣ್ಣನೆಯ ನೀರಿನೊಡನೆ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತವೆ. ಇನ್ನೊಂದು ಸೊಗಸಾದ ಗುಣವೂ ಉಂಟು. ಹಗಲು ಯಂತ್ರಗಳು ತಿರುಗಿ, ಕಿಟಕಿಯಿಂದ ಬಿಸಿಲು ಬಿದ್ದು, ಕೋಣೆ 16ರಿಂದ 18 ಡಿಗ್ರಿಗೆ ಏರಿತೆನ್ನೋಣ. 21 ಡಿಗ್ರಿಯ ನೆಲಕ್ಕೂ ಕೋಣೆಗೂ ಇದ್ದ ಅಂತರ 5ರಿಂದ 3ಕ್ಕೆ ಇಳಿಯಿತು. ನೆಲ ಕೊಡುವ ಉಷ್ಣವೂ ಐದರಲ್ಲಿ ಮೂರು ಪಾಲಿಗೆ ತಾನಾಗಿಯೇ ಇಳಿಯಿತು. ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಲಿಲ್ಲ. ಅದೇ ಗೋಡೆಯ ಮೇಲೆ 70 ಡಿಗ್ರಿಯ ಒಂದು ಚಿಕ್ಕ ಕಾಯಿಸುಪೆಟ್ಟಿಗೆ ಇದ್ದರೆ ಅಂತರ 54ರಿಂದ 52ಕ್ಕೆ ಇಳಿಯುತ್ತದೆ, ಅಷ್ಟೆ. ಕೋಣೆ ಕಾದರೂ ಅದಕ್ಕೆ ಪರಿವೆಯಿಲ್ಲ.

ಐದನೆಯದು, ಒಂದು ಬಾರಿಗೆ ಒಂದೇ ಬದಲಾವಣೆ. ಬೆಳಿಗ್ಗೆ ಚಳಿಯೆನಿಸಿತೆಂದು ವಾಲ್ವನ್ನು ತಿರುವಿ, ಅರ್ಧ ಗಂಟೆ ಕಾದು, ಏನೂ ಆಗಲಿಲ್ಲವೆಂದು ಇನ್ನೂ ತಿರುವಿದವನು ಸಂಜೆಗೆ ಸೆಕೆಯಿಂದ ಬಾಗಿಲು ತೆರೆಯಬೇಕಾಗುತ್ತದೆ. 36 ಟನ್ ಕಾಂಕ್ರೀಟು ಬೆಳಗಿನ ಮಾತಿಗೆ ಸಂಜೆ ಉತ್ತರ ಕೊಡುತ್ತದೆ. ಆದುದರಿಂದ ಒಂದು ಬದಲಾವಣೆ ಮಾಡಿ, ಒಂದು ಹಗಲು ಒಂದು ರಾತ್ರಿ ಕಳೆಯಗೊಟ್ಟು, ಒಳಗಿನ ಉಷ್ಣತೆ, ಹೊರಗಿನ ಉಷ್ಣತೆ, ಹೋಗುವ ನೀರು, ಬರುವ ನೀರು ಈ ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಟ್ಟು, ಬಳಿಕವೇ ಇನ್ನೊಂದಕ್ಕೆ ಕೈಹಾಕಬೇಕು. ರಾತ್ರಿ ಪೂರ್ತಿ ಆರಿಸಿ ಬೆಳಿಗ್ಗೆ ಹೊತ್ತಿಸುವ ಪದ್ಧತಿಯೂ ಇಂಥ ದಪ್ಪ ನೆಲಕ್ಕೆ ಹೊಂದದು.

ಕೊನೆಯದಾಗಿ, ಕೊಳವೆಗಳು ಎಲ್ಲೆಲ್ಲಿ ಹಾದಿವೆಯೆಂಬ ನಕ್ಷೆಯನ್ನು ಗೋಡೆಯ ಮೇಲೆ ತೂಗುಹಾಕಬೇಕು. ಯಂತ್ರವನ್ನು ನೆಲಕ್ಕೆ ಬಿಗಿಯಲೆಂದು ಕೊರೆಯುವವನು ಕೊಳವೆಯನ್ನೇ ಕೊರೆದರೆ ಮೇಲಿನ ಪರಿಶ್ರಮವೆಲ್ಲ ನೀರಿನಲ್ಲಿ ಹೋಮವಾದೀತು.

ನಮ್ಮ ನಾಡಿನಲ್ಲಿ ಅದೇ ನೆಲ, ತಣ್ಣೀರಿನಿಂದ

ಬಿಸಿನೀರಿಗೆ ಬದಲಾಗಿ ತಣ್ಣೀರನ್ನು ಹರಿಸಿದರೆ ಇದೇ ನೆಲ ತಂಪನ್ನು ಕೊಡಲಾರದೆ? ಕೊಡುತ್ತದೆ. 2006ರಲ್ಲಿ ತೆರೆದ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದ ವಿಶಾಲವಾದ ಅಂಗಳಗಳಲ್ಲಿ ನೆಲದೊಳಗೆ ತಣ್ಣೀರು ಹರಿಯುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಕಟ್ಟಿಸಿ 2011ರಲ್ಲಿ ಬಳಕೆಗೆ ತಂದ ಒಂದು ಕಟ್ಟಡವು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾದರಿಯ ಪ್ರಯೋಗದಂತಿದೆ. ಅದರ ಸಮನಾದ ಎರಡು ಭಾಗಗಳಲ್ಲಿ ಒಂದನ್ನು ವಾಡಿಕೆಯಂತೆ ತಣ್ಣನೆಯ ಗಾಳಿಯಿಂದಲೂ, ಇನ್ನೊಂದನ್ನು ಕಾಂಕ್ರೀಟು ಹಾಸುಗಳೊಳಗೆ ಹುದುಗಿಸಿದ ಕೊಳವೆಗಳ ನೀರಿನಿಂದಲೂ ತಂಪುಗೊಳಿಸಿದರು. ವಾಡಿಕೆಯ ಪದ್ಧತಿಗೆ ಸುಮಾರು 8 ಡಿಗ್ರಿಯ ನೀರು ಬೇಕಾದರೆ ಹಾಸಿನ ಪದ್ಧತಿಗೆ ಸುಮಾರು 14 ಡಿಗ್ರಿಯ ನೀರೇ ಸಾಕಾಯಿತು. ತಂಪಿಗಾಗಿ ತಗಲುವ ವಿದ್ಯುತ್ತಿನಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಅಲ್ಲಿ ಕಡಮೆ ಬಿಸಿ, ಇಲ್ಲಿ ಕಡಮೆ ತಂಪು. ದೊಡ್ಡ ಮೇಲ್ಮೈಯ ನೀತಿ ಎರಡೆಡೆಯಲ್ಲಿಯೂ ಒಂದೇ.

ಹಾಗಾದರೆ ದಿವಾದ ನಮ್ಮ ಕೋಣೆಯ ನೆಲದಡಿಯಲ್ಲಿಯೂ ತಣ್ಣೀರಿನ ಕೊಳವೆಯನ್ನು ಹಾಸಬಹುದಲ್ಲವೆ ಎಂದು ಕೇಳಬಹುದು. ಇಲ್ಲಿ ಗಾಳಿಯ ತೇವ ಅಡ್ಡಬರುತ್ತದೆ. ಖಾಡಿಯ ದಡದಲ್ಲಿರುವ ನಮ್ಮ ಊರಿನಲ್ಲಿ ಗಾಳಿ 32 ಡಿಗ್ರಿ, ಆರ್ದ್ರತೆ ಶೇಕಡ 75 ಇರುವ ದಿನಗಳು ಹೊಸವಲ್ಲ. ಅಂಥ ಗಾಳಿಯ ಇಬ್ಬನಿಬಿಂದು 27 ಡಿಗ್ರಿ. ಎಂದರೆ, 27ಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಮುಟ್ಟಿದರೂ ಗಾಳಿಯ ತೇವ ಅಲ್ಲಿ ನೀರಾಗಿ ಕೂಡುತ್ತದೆ. ಮಳೆಗಾಲ ಹತ್ತಿರವಾದಾಗ ಕೆಳಮನೆಗಳ ಟೈಲ್ಸಿನ ನೆಲ ಬೆವರುವುದನ್ನು ನಾವು ನೋಡಿಲ್ಲವೆ? ಅದು ನೆಲದಿಂದ ಮೇಲೆದ್ದ ನೀರೆಂದು ಹಲವರು ಭಾವಿಸುತ್ತಾರೆ. ಎಷ್ಟೋ ವೇಳೆ ಅದು ಗಾಳಿಯಿಂದ ಇಳಿದ ನೀರು. ಇದನ್ನು ತಪ್ಪಿಸಲು ನೆಲವನ್ನು 28 ಡಿಗ್ರಿಯಲ್ಲಿಟ್ಟರೆ, ತಂಪುಗೊಳಿಸುವ ನೆಲವು ಡಿಗ್ರಿಗೆ ಸುಮಾರು 7 ವಾಟ್‌ನಂತೆ ಚದರ ಮೀಟರಿಗೆ 28 ವಾಟ್ ಮಾತ್ರ ಹೀರೀತು. ಹತ್ತು ಚದರ ಮೀಟರಿನ ಕೋಣೆಯಲ್ಲಿ ಇದು 280 ವಾಟ್. ಸುಮ್ಮನೆ ಕುಳಿತ ಒಬ್ಬ ಮನುಷ್ಯನೇ ಸುಮಾರು 100 ವಾಟ್ ಉಷ್ಣವನ್ನು ಬೀರುತ್ತಾನೆ. ಮೂರು ಜನರ ಮೈಯ ಕಾವಿಗೇ ಆ ತಂಪು ಮುಗಿದುಹೋಯಿತು! ಇಂಥ ನೆಲ ಬೇಕಾದವರು ಮೊದಲು ಕೋಣೆಯನ್ನು ಮುಚ್ಚಿ ಒಳಗಿನ ಗಾಳಿಯ ತೇವವನ್ನು ತೆಗೆಯಬೇಕು. ಗಾಳಿಯನ್ನು 24 ಡಿಗ್ರಿಗೂ ಶೇಕಡ 50ರ ಆರ್ದ್ರತೆಗೂ ತಂದರೆ ಇಬ್ಬನಿಬಿಂದು 13ಕ್ಕೆ ಇಳಿಯುತ್ತದೆ, ಆಗ ನೆಲ ನಿರ್ಭಯವಾಗಿ ತಂಪಾಗಿರಬಹುದು. ವಿಮಾನ ನಿಲ್ದಾಣಕ್ಕೆ ಇದು ಸಾಧ್ಯ. ಕಿಟಕಿ ತೆರೆದಿಟ್ಟು ಬಾಳುವ ಚಾಳಿನ ಕೋಣೆಗೆ ಸಾಧ್ಯವಲ್ಲ.

ತಲೆಯ ಮೇಲಿನ ನೆಲ

ಆದರೂ ಈ ವಿದ್ಯೆ ನಮಗೆ ಪ್ರಯೋಜನವಿಲ್ಲದುದಲ್ಲ. ದಿವಾದಿಂದ ಶಿಳ್‌ಫಾಟಾದ ಕಡೆಗೆ ಹೋಗುವಾಗ ಕಾಣುವ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಲ್ಲಿಯೂ, ತಗಡು ಹೊದಿಸಿದ ನೂರಾರು ಮನೆಗಳಲ್ಲಿಯೂ ವಿಕಿರಣದಿಂದ ಕಾಯಿಸುವ ಒಂದು ಮೇಲ್ಮೈ ಆಗಲೇ ಇದೆ. ಅದು ಕಾಲಡಿಯಲ್ಲಿಲ್ಲ, ತಲೆಯ ಮೇಲಿದೆ. ಅದನ್ನು ಹದಗೊಳಿಸುವವರು ಮಾತ್ರ ಇಲ್ಲ. ಬೇಸಗೆಯ ಮಧ್ಯಾಹ್ನ ಬರಿಯ ತಗಡು 60 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಸ್ಟೆಫಾನನ ನಿಯಮದಂತೆ ಲೆಕ್ಕಹಾಕಿದರೆ, ಚೆನ್ನಾಗಿ ಉಷ್ಣವನ್ನು ಬೀರುವ 60 ಡಿಗ್ರಿಯ ಮೇಲ್ಮೈಯೊಂದು ತನ್ನೆದುರಿಗಿರುವ 35 ಡಿಗ್ರಿಯ ಚರ್ಮಕ್ಕೆ ಚದರ ಮೀಟರಿಗೆ 187 ವಾಟ್‌ನಷ್ಟು ಉಷ್ಣವನ್ನು ಹೆಚ್ಚಾಗಿ ಸುರಿಯಬಲ್ಲದು. ಹಿಮದ ನಾಡಿನ ಕಾರ್ಯಾಗಾರದ ನೆಲ ಕೊಡುತ್ತಿದ್ದುದು 50 ವಾಟ್! ಗೋಡೆಯ ಮೇಲಿನ ಉಷ್ಣಮಾಪಕ 36 ತೋರಿಸುತ್ತಿದ್ದರೂ ಮಗು ಏಕೆ ಅಳುತ್ತದೆ, ಮುದುಕರಿಗೆ ಏಕೆ ತಲೆಸುತ್ತು ಬರುತ್ತದೆ, ಫ್ಯಾನಿನ ಗಾಳಿಯಲ್ಲಿಯೂ ನೆತ್ತಿ ಏಕೆ ಸುಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಫ್ಯಾನು ಗಾಳಿಯನ್ನು ಚಲಿಸುತ್ತದೆ, ಮಾಡಿನ ವಿಕಿರಣವನ್ನು ತಡೆಯಲಾರದು.

ಕಾಯಿಲೆ ತಿಳಿದರೆ ಮದ್ದೂ ತಿಳಿಯುತ್ತದೆ. ಮಾಡಿನ ಹೊರಮೈಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಹೊರಳಿ ತಗಡು ಅಷ್ಟು ಕಾಯುವುದಿಲ್ಲ. ಅಹಮದಾಬಾದ್ ನಗರದಲ್ಲಿ 2017ರಲ್ಲಿ ಬಡವರ ಮನೆಗಳ ಮಾಡುಗಳಿಗೆ ಹೀಗೆ ಬಿಳಿ ಬಳಿಯುವ ಕಾರ್ಯಕ್ರಮವನ್ನು ಕೈಗೊಂಡರು. ತಗಡಿನ ಕೆಳಗೆ ಒಂದು ಗೇಣು ಅಂತರ ಬಿಟ್ಟು, ಆ ಅಂತರದಲ್ಲಿ ಗಾಳಿಯಾಡುವಂತೆ ಇನ್ನೊಂದು ಮುಚ್ಚಿಗೆಯನ್ನು ಹಾಕುವುದು ಎರಡನೆಯ ಉಪಾಯ. ಆಗ ನಮ್ಮ ಮೈ ಕಾಣುವುದು ಕಾದ ತಗಡನ್ನಲ್ಲ, ಅದಕ್ಕಿಂತ ತಣ್ಣನೆಯ ಮುಚ್ಚಿಗೆಯನ್ನು.

ವಿದ್ಯಾರ್ಥಿಗಳು ಇದನ್ನು ನಂಬಿಕೆಯಿಂದ ಒಪ್ಪಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಶಾಲೆಯ ಪ್ರಯೋಗಶಾಲೆಯಿಂದ ಮೂರು ಉಷ್ಣಮಾಪಕಗಳನ್ನು ಕೇಳಿ ಪಡೆದು, ಒಂದನ್ನು ನೆಲದ ಮೇಲೆ, ಒಂದನ್ನು ಎದೆಯ ಎತ್ತರಕ್ಕೆ, ಇನ್ನೊಂದನ್ನು ಹಿರಿಯರ ಸಹಾಯದಿಂದ ಮಾಡಿನ ಒಳಮೈಗೆ ತಾಗುವಂತೆ ಕಟ್ಟಿ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಅಂಕಿಗಳನ್ನು ಗುರುತು ಹಾಕಿಕೊಳ್ಳಿರಿ. ಒಂದು ವಾರ ಹೀಗೆ ಬರೆದ ಮೇಲೆ ದೊಡ್ಡವರಿಂದ ಮಾಡಿಗೆ ಸುಣ್ಣ ಬಳಿಸಿ ಇನ್ನೊಂದು ವಾರ ಬರೆಯಿರಿ. ಆ ನಡುವೆ ಬೇರೆ ಏನನ್ನೂ ಬದಲಾಯಿಸಬೇಡಿರಿ. ಎರಡು ವಾರಗಳ ಅಂಕಿಗಳನ್ನು ಎದುರೆದುರಾಗಿ ಬರೆದ ಆ ಹಾಳೆಯನ್ನು ಮನೆಯ ಹಿರಿಯರಿಗೂ ನೆರೆಮನೆಯವರಿಗೂ ತೋರಿಸಿರಿ. ಮುಂದಿನ ಬೇಸಗೆಗೆ ಮುನ್ನ ಯಾವ ಮಾಡಿಗೆ ಮೊದಲು ಸುಣ್ಣ ಬಳಿಯಬೇಕೆಂಬುದನ್ನು ಆ ಅಂಕಿಗಳನ್ನು ನೋಡಿ ಅವರೇ ನಿರ್ಧರಿಸಲಿ.